ನಾಲ್ಕು ಕೆಂಪು ಹಗ್ಗ

ಸುಟ್ಟಗಾಯದ ವಾರ್ಡಿನಲ್ಲಿ ಹೊಸಬರನ್ನು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: “ಹೇಗಾಯಿತು?” ನಾನು ಅಲ್ಲಿದ್ದ ನಲವತ್ತಾರು ದಿನಗಳಲ್ಲಿ ಇದನ್ನು ಎಪ್ಪತ್ತೆರಡು ಮಂದಿ ಕೇಳಿದರು. ಬಲಗೈಗೆ ಬ್ಯಾಂಡೇಜ್ ಇದ್ದುದರಿಂದ ಲೆಕ್ಕವನ್ನು ಮನಸ್ಸಿನಲ್ಲೇ ಇಟ್ಟಿದ್ದೆ. ಹಾಗಾಗಿ ಒಂದೆರಡು ಹೆಚ್ಚುಕಡಿಮೆ ಇರಬಹುದು. ಎಲ್ಲರಿಗೂ ನಾನು ಕೊಟ್ಟದ್ದು ಒಂದೇ ಉತ್ತರ: “ಒಲೆಗೆ ಸೀಮೆಎಣ್ಣೆ ಹೊಯ್ದೆ, ನನ್ನದೇ ಗಡಿಬಿಡಿ.” ಸೀಮೆಎಣ್ಣೆಯ ಮಾತು ಸುಳ್ಳೆಂದು ನನಗೆ ಮೊದಲ ದಿನವೇ ಗೊತ್ತಿತ್ತು. ನನ್ನದೇ ಗಡಿಬಿಡಿ ಎಂಬ ಮಾತೂ ಸುಳ್ಳೆಂದು ತಿಳಿದದ್ದು ಐವತ್ತೊಂದನೇ ದಿನ, ಮನೆಯಲ್ಲಿ, ಸೊಳ್ಳೆಪರದೆಯ ಒಳಗೆ ಅಂಗಾತ ಮಲಗಿದ್ದಾಗ.

ಈಗ ನನ್ನ ಮೊಣಕೈ ಪೂರ್ತಿ ನೆಟ್ಟಗಾಗುತ್ತದೆ. ಕಿರುಬೆರಳೊಂದು ಮಾತ್ರ ಬಾಗಿಕೊಂಡೇ ಇದೆ. ಇಂಥ ವಾರ್ಡಿನಲ್ಲಿ ಮೊದಲ ವಾರ ಮಲಗಿರುವ ಯಾರಾದರೂ, ಅಥವಾ ಅವರ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕುಳಿತಿರುವವರು, ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಚರ್ಮ ಹೇಗೆ ಬೆಳೆಯುತ್ತದೆ ಎಂಬುದನ್ನು ಡಾಕ್ಟರರು ಹೇಳುತ್ತಾರೆ. ಅವರು ಹೇಳದ ಸಂಗತಿಗಳಷ್ಟೇ ಇಲ್ಲಿವೆ.

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ. ತೋಡಾರಿನಲ್ಲಿ ಮಂಗಳೂರು ರಸ್ತೆಯ ಬದಿಗೆ ಅಣ್ಣನ ಮರದ ಕೆಲಸದ ಶೆಡ್ ಇತ್ತು. ಅಣ್ಣ ಹಂಝ ನನಗಿಂತ ಒಂಬತ್ತು ವರ್ಷ ದೊಡ್ಡವನು. ನಾನು ಅವನನ್ನು ಕರೆಯುವುದು ‘ಇಚ್ಚ’ ಎಂದು. ಬಾಪ ತೀರಿಕೊಂಡ ಮೇಲೆ ಅವನೇ ಗಲ್ಫಿಗೆ ಹೋಗಿ ಆರು ವರ್ಷ ಬಡಗಿ ಕೆಲಸ ಮಾಡಿ ಬಂದು, ಶೆಡ್ ಹಾಕಿ, ನನ್ನನ್ನು ಮೂಡುಬಿದಿರೆಯಲ್ಲಿ ಬಿ.ಕಾಂ.ಗೆ ಸೇರಿಸಿದ್ದ. ನನಗಾಗ ಇಪ್ಪತ್ತು. ಕಾಲೇಜಿಗೆ ಹೋಗುವ ಮೊದಲು ಒಂದು ಗಂಟೆ, ಬಂದ ಮೇಲೆ ಎರಡು ಗಂಟೆ ಶೆಡ್ಡಿನಲ್ಲಿರುತ್ತಿದ್ದೆ. ಯಾವ ದಿನ ಎಷ್ಟು ಹಲಗೆ ಬಂತು, ಎಷ್ಟು ಬಾಗಿಲು ಹೋಯಿತು ಎಂದು ಬರೆದಿಡುವುದು ನನ್ನ ಕೆಲಸ. ಯಾರೂ ಹೇಳದಿದ್ದರೂ ಬರೆಯುತ್ತಿದ್ದೆ. ಅದು ಚಿಕ್ಕಂದಿನ ಚಟ.

ಪಾಲಿಶನ್ನು ತೆಳುವಾಗಿಸಲು ತಿನ್ನರ್ ಬೇಕೇ ಬೇಕು, ಪೆಟ್ರೋಲಿನ ಹಾಗೆ ಬೆಂಕಿ ಹಿಡಿಯುವ ದ್ರವ ಅದು. ಕ್ಯಾನಿನಿಂದ ಡಬ್ಬಕ್ಕೆ ಹೊಯ್ಯುವಾಗ ಅದು ಚೆಲ್ಲುವುದೂ ಮಾಮೂಲು. ಚೆಲ್ಲಿದಾಗ ಮರದ ಶೆಡ್ಡಿನವರು ಮಾಡುವುದು ಒಂದೇ: ಕಾಲಬುಡದಲ್ಲೇ ಇರುವ ಮರದ ಹುಡಿಯನ್ನು ಮೇಲೆ ಎರಚುವುದು. ಹುಡಿ ತಿನ್ನರನ್ನು ಕುಡಿದುಬಿಡುತ್ತದೆ, ನೆಲ ಒಣಗುತ್ತದೆ. ಗುಡಿಸಿ ಮೂಟೆಗೆ ತುಂಬಿದರೆ ಕೆಲಸ ಮುಗಿಯಿತು. ಅಪಾಯ ನೆಲದಿಂದ ಮೂಟೆಗೆ ಹೋಯಿತೇ ಹೊರತು ಶೆಡ್ಡಿನಿಂದ ಹೊರಗೆ ಹೋಗಲಿಲ್ಲ ಎಂದು ಯಾರಿಗೂ ಹೊಳೆಯುತ್ತಿರಲಿಲ್ಲ. ಅಂಟು ಕಾಯಿಸಲಿಕ್ಕೂ ಚಹಾ ಕುದಿಸಲಿಕ್ಕೂ ನಮ್ಮಲ್ಲಿದ್ದದ್ದು ಹುಡಿ ಒಲೆ. ತಗಡಿನ ಡಬ್ಬದ ನಡುವೆ ಒಂದು ಬಾಟಲಿ ನಿಲ್ಲಿಸಿ, ಸುತ್ತ ಹುಡಿಯನ್ನು ಒತ್ತಿ ತುಂಬಿ, ಬಾಟಲಿಯನ್ನು ಮೆಲ್ಲಗೆ ಮೇಲೆಳೆದರೆ ನಡುವೆ ಕೊಳವೆಯಂಥ ತೂತು ಉಳಿಯುತ್ತದೆ. ಕೆಳಗಿನ ಕಿಂಡಿಯಲ್ಲಿ ಬೆಂಕಿ ಕೊಟ್ಟರೆ ಮಧ್ಯಾಹ್ನದವರೆಗೆ ಉರಿಯುತ್ತದೆ. ಎಂದರೆ ಚೆಲ್ಲಿದ ತಿನ್ನರ್ ಕುಡಿದ ಹುಡಿಯೂ ಒಲೆಗೆ ಹಾಕುವ ಹುಡಿಯೂ ಒಂದೇ ಗೋಡೆಗೆ ಒರಗಿ, ಒಂದೇ ಬಣ್ಣದ ಗೊಬ್ಬರದ ಚೀಲಗಳಲ್ಲಿ ಕೂತಿರುತ್ತಿದ್ದವು.

ಹಿಂದಿನ ವರ್ಷ ಒಮ್ಮೆ ಒಲೆ ಹಚ್ಚುವಾಗ ಭುಸ್ಸೆಂದು ಬೆಂಕಿ ಮೇಲೆದ್ದು, ಪಾಲಿಶ್ ಕೆಲಸದ ವಾಸು ಆಚಾರಿಯವರ ಮೀಸೆಯ ಎಡಭಾಗ ಸುಟ್ಟಿತ್ತು. ಅರವತ್ತು ದಾಟಿದ ಮನುಷ್ಯ. ಬಲಭಾಗವನ್ನೂ ಬೋಳಿಸಿಕೊಂಡು ಮರುದಿನ ಬಂದಾಗ ಯಾರಿಗೂ ಗುರುತೇ ಸಿಗಲಿಲ್ಲ.

“ಇದು ಯಾರು ಹೊಸ ಜನ?” ಎಂದು ಅಣ್ಣ ಕೇಳಿದ.

“ನಾನು ವಾಸುವಿನ ತಮ್ಮ ಸಾಹುಕಾರ್ರೇ. ಅಣ್ಣನ ಮೀಸೆ ಸಿಕ್ಕಿದ ಕೂಡ್ಲೇ ಅವನನ್ನೇ ಕಳಿಸ್ತೇನೆ,” ಎಂದರು ಆಚಾರಿ.

ಎಲ್ಲರೂ ನಕ್ಕರು. ನಾನು ಮಾತ್ರ ಅಂದೇ ಒಂದು ನಿಯಮ ಮಾಡಿದೆ. ಚೆಲ್ಲಿದ್ದನ್ನು ಗುಡಿಸಿ ತುಂಬಿದ ಮೂಟೆಯ ಬಾಯಿಗೆ ಕೆಂಪು ಹಗ್ಗ, ಉಳಿದವಕ್ಕೆ ತೆಂಗಿನ ನಾರಿನ ಹಗ್ಗ. ಕೆಂಪು ಹಗ್ಗದ್ದನ್ನು ಹಿಂದಿನ ಮುರಕಲ್ಲಿನ ಅಂಗಳದಲ್ಲಿ ಮೂರು ದಿನ ಬಿಸಿಲಿಗೆ ಹರಡದೆ ಮುಟ್ಟಬಾರದು. ಲಾರಿಗೆ ಕಟ್ಟುವ ನೈಲಾನ್ ಹಗ್ಗವನ್ನು ಮೊಳದುದ್ದಕ್ಕೆ ಕತ್ತರಿಸಿ, ತುದಿ ಬಿಚ್ಚಿಹೋಗದಂತೆ ಕಡ್ಡಿ ಗೀರಿ ಕರಗಿಸಿ, ಉಳಿಯ ಹಿಡಿಯಿಂದ ಒತ್ತಿ ಚಪ್ಪಟೆ ಮಾಡಿದೆ. ನನ್ನ ಪುಸ್ತಕದಲ್ಲಿ ‘ಚೆಲ್ಲಿದ್ದು’ ಎಂದು ಬೇರೆಯೇ ಪುಟ ತೆರೆದೆ. ಒಂದು ವರ್ಷದಲ್ಲಿ ಹದಿನೇಳು ಸಲ ಚೆಲ್ಲಿತ್ತು. ಹಗ್ಗ ಕಟ್ಟಲು ತಪ್ಪಿದ್ದು ಒಮ್ಮೆಯೂ ಇಲ್ಲ. ಅಣ್ಣ ಬಂದವರ ಎದುರು, “ನಮ್ಮ ಫೈರ್ ಇನ್ಸ್‌ಪೆಕ್ಟರ್ ಇವನೇ” ಎಂದು ನನ್ನ ಬೆನ್ನು ತಟ್ಟುತ್ತಿದ್ದ. ನನಗೂ ಅದು ಹೆಮ್ಮೆಯೇ.

ಆ ಮಳೆಗಾಲದ ಒಂದು ಶನಿವಾರ ತುಂಬಿದ ಕ್ಯಾನ್ ಒಂದು ಮಗುಚಿತು. ಹುಡಿ ಎರಚಿ ಗುಡಿಸಿದಾಗ ನಾಲ್ಕು ಮೂಟೆಯಾಯಿತು. ನಾಲ್ಕಕ್ಕೂ ಕೆಂಪು ಹಗ್ಗ ಕಟ್ಟಿದೆ. ಆದರೆ ಮಳೆ ಹಿಡಿದು ಕೂತಿತ್ತು, ಹರಡಲು ಬಿಸಿಲಿರಲಿಲ್ಲ. ಬುಧವಾರ ಖಾಸಗಿ ಹಾಸ್ಟೆಲ್ ಒಂದರವರು ಅರವತ್ತು ಮಂಚಗಳ ಆರ್ಡರ್ ಕೊಡುವ ಮೊದಲು ಶೆಡ್ ನೋಡಲು ಬರುವವರಿದ್ದರು. ಅಣ್ಣ ಎರಡು ದಿನದಿಂದ ಗುಡಿಸಿದ್ದನ್ನೇ ಗುಡಿಸುತ್ತಿದ್ದ. ಮಂಗಳವಾರ ಸಂಜೆ ನಾನು ಮನೆಯಲ್ಲೇ ಪರೀಕ್ಷೆಗೆ ಓದುತ್ತಿದ್ದೆ. ಊಟಕ್ಕೆ ಕೂತಾಗ ಕೇಳಿದೆ:

“ಇಚ್ಚ, ಬಿಸಿಲೇ ಇಲ್ಲ. ಕೆಂಪು ಹಗ್ಗದ ಮೂಟೆ ನಾಲ್ಕೂ ಹಾಗೇ ಇರ್ಲಿ ಅಲ್ವಾ?”

“ಇರ್ಲಿ, ಇರ್ಲಿ,” ಎಂದ ಅಣ್ಣ, ಬಂಗುಡೆಯ ಮುಳ್ಳು ಬಿಡಿಸುತ್ತಾ.

ಬುಧವಾರ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಚಹಾ ಕುಡಿದೆವು. ನಾನು ಪರೀಕ್ಷೆಗೆ ಹೋದೆ. ಮಳೆಯಲ್ಲಿ ನೆನೆದು, ಮೂಗು ಕಟ್ಟಿ, ಸಂಜೆ ಬಂದವನೇ ಮಾತ್ರೆ ನುಂಗಿ ಮಲಗಿದೆ. ಗುರುವಾರ ನಾನು ಏಳುವಷ್ಟರಲ್ಲಿ ಅಣ್ಣ ಹಲಗೆಯ ಲಾರಿ ಬಂದಿದೆ ಎಂದು ಶೆಡ್ಡಿಗೆ ಹೋಗಿಯಾಗಿತ್ತು.

ನಾನು ಹೋದಾಗ ಅವನು ರಸ್ತೆಬದಿಯಲ್ಲಿ ಹಲಗೆ ಇಳಿಸುತ್ತಿದ್ದ. ಆಚಾರಿಯವರು, “ಒಲೆ ಹಚ್ಚು ಮಾರಾಯ, ಚಹಾ ಇಲ್ಲದೆ ಕೈಯೇ ಏಳುದಿಲ್ಲ” ಎಂದರು. ಗೋಡೆಯ ಬಳಿ ಹತ್ತು ಮೂಟೆಗಳಿದ್ದವು. ಹತ್ತಕ್ಕೂ ನಾರಿನ ಹಗ್ಗ. ಕೆಂಪು ಕಾಣಲಿಲ್ಲ. ಅವನ್ನು ಹಿಂದೆ ಸಾಗಿಸಿರಬೇಕು ಎಂದುಕೊಂಡೆ. ಕೈಗೆ ಹತ್ತಿರವಿದ್ದ ಮೂಟೆಯಿಂದ ಹುಡಿ ತೆಗೆದು ತುಂಬಿದೆ. ಶೆಡ್ ತುಂಬ ಹೇಗೂ ತಿನ್ನರಿನದೇ ವಾಸನೆ. ಸಾಲದ್ದಕ್ಕೆ ನನ್ನ ಮೂಗು ಕಟ್ಟಿತ್ತು. ಬಾಟಲಿ ಎಳೆದೆ. ಬಗ್ಗಿ ಕಡ್ಡಿ ಗೀರಿದೆ.

ಸದ್ದು ದೊಡ್ಡದಲ್ಲ. ಒದ್ದೆ ಬಟ್ಟೆ ಕೊಡವಿದಂಥ ಒಂದು ಸದ್ದು, ಅಷ್ಟೇ. ಬೆಂಕಿ ಒಲೆಯ ಬಾಯಿಯಿಂದ ನನ್ನ ಬಲಗೈಗೆ, ಅಲ್ಲಿಂದ ಬಾಯಿ ಬಿಚ್ಚಿದ್ದ ಮೂಟೆಗೆ ಹೋಯಿತು. ನಾನು ಹಿಂದಕ್ಕೆ ಹಾರಿದಾಗ ಮೊಣಕೈ ತಗಲಿ ಪಾಲಿಶ್ ಡಬ್ಬ ಉರುಳಿತು. ಪಾಲಿಸ್ಟರ್ ಅಂಗಿ ಮೈಗೆ ಅಂಟಿಕೊಳ್ಳುತ್ತಿತ್ತು. ಅಣ್ಣ ಓಡಿಬಂದು ಬಕೆಟ್ ನೀರನ್ನು ಡಬ್ಬದ ಮೇಲೆ ಎರಚಿದ. ಪಾಲಿಶ್ ನೀರಿನ ಮೇಲೆ ತೇಲಿತು. ಬೆಂಕಿಯೂ ಅದರೊಟ್ಟಿಗೆ ತೇಲುತ್ತಾ ಹಾಸ್ಟೆಲಿನವರಿಗೆ ತೋರಿಸಲು ಮಾಡಿದ್ದ ಮಂಚಗಳ ಅಡಿಗೆ ಹರಿಯಿತು.

“ನೀರು ಬೇಡ! ಹೊಯ್ಗೆ ಹಾಕಿ ಸಾಹುಕಾರ್ರೇ, ಹೊಯ್ಗೆ!” ಎಂದು ಆಚಾರಿಯವರು ಕೂಗಿದರು. ಕೂಗುತ್ತಲೇ ನನ್ನನ್ನು ಎಡಗೈ ಹಿಡಿದು ಹೊರಗೆಳೆದು, ಕೆಸರಿನಲ್ಲಿ ಉರುಳಿಸಿ, ಮಾಡಿನಿಂದ ಸುರಿಯುತ್ತಿದ್ದ ಮಳೆನೀರಿನ ಅಡಿಗೆ ನನ್ನ ಬಲಗೈಯನ್ನು ಹಿಡಿದರು. “ತೆಗೀಬೇಡ. ಸತ್ತರೂ ತೆಗೀಬೇಡ,” ಎಂದರು. ನಾನು ಐನೂರರವರೆಗೆ ಎಣಿಸಿದೆ. ಆಮೇಲೆ ಎಣಿಕೆ ತಪ್ಪಿತು. ನನ್ನ ಬೆರಳುಗಳು ಉಳಿದದ್ದು ಆ ಮಾಡಿನ ನೀರಿನಿಂದ ಎಂದು ಡಾಕ್ಟರರು ಆಮೇಲೆ ಹೇಳಿದರು. ಇದನ್ನು ಓದುವವರು ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ.

ಒಳಗೆ ಸಿಮೆಂಟ್ ಕೆಲಸಕ್ಕೆ ತಂದಿದ್ದ ಮರಳು ಹಾಕಿ ಬೆಂಕಿ ನಂದಿಸಿದರು. ಎದುರಿನ ಎಸ್.ಟಿ.ಡಿ. ಬೂತಿನವನು, “ಫೈರ್ ಇಂಜಿನ್‌ಗೆ ಫೋನ್ ಮಾಡ್ಲಾ ಹಂಝಾಕ?” ಎಂದು ಕೇಳಿದ್ದು ನನಗೆ ಕೇಳಿಸಿತು. “ಬೇಡ, ಬೇಡ, ಆರಿತು,” ಎಂದ ಅಣ್ಣ. ಅವಸರದಲ್ಲಿ ಎಲ್ಲಿಂದಲೋ ಟೂತ್‌ಪೇಸ್ಟ್ ತಂದು ನನ್ನ ಕೈಗೆ, ಕುತ್ತಿಗೆಗೆ ಇಡೀ ಟ್ಯೂಬ್ ಬಳಿದ. ಆಚಾರಿಯವರು ಬೇಡವೆಂದರೂ ಕೇಳಲಿಲ್ಲ. ಆ ಪೇಸ್ಟ್ ಒಣಗಿ ಗಟ್ಟಿಯಾದದ್ದನ್ನು ಆಸ್ಪತ್ರೆಯಲ್ಲಿ ಸಿಸ್ಟರ್ ತೆಗೆದ ಅರ್ಧ ಗಂಟೆಯ ಬಗ್ಗೆ ನಾನು ಬರೆಯುವುದಿಲ್ಲ.

ಓಮ್ನಿಯಲ್ಲಿ ಮಂಗಳೂರಿಗೆ ಹೋಗುವಾಗ ಅಣ್ಣ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರರು ಕೇಳಿದರು:

“ಹೇಗಾಯಿತು?”

“ಒಲೆಗೆ ಸೀಮೆಎಣ್ಣೆ ಹೊಯ್ದ ಸರ್,” ಎಂದ ಅಣ್ಣ. ನಾನು ಬಾಯಿ ತೆರೆಯುವ ಮೊದಲೇ. “ಇವನಿಗೆ ಯಾವಾಗ್ಲೂ ಗಡಿಬಿಡಿ.”

ಗಾಬರಿಯಲ್ಲಿ ಏನೋ ಹೇಳುತ್ತಿದ್ದಾನೆ ಎಂದುಕೊಂಡೆ. ನನಗೆ ಯಾವಾಗಲೂ ಗಡಿಬಿಡಿ ಎಂದು ಅದಕ್ಕೆ ಮೊದಲು ಯಾರೂ ಹೇಳಿದ್ದಿಲ್ಲ.

ಮೂರನೇ ದಿನ ಪೊಲೀಸರು ಹೇಳಿಕೆ ಬರೆದುಕೊಳ್ಳಲು ಬರುತ್ತಾರೆಂದು ಗೊತ್ತಾಯಿತು. ಅವರು ಬರುವ ಮೊದಲು ಅಣ್ಣ ಸ್ಟೂಲನ್ನು ಹತ್ತಿರ ಎಳೆದುಕೊಂಡ.

“ತಿನ್ನರ್ ಅಂತ ಹೇಳಿದ್ರೆ ಶೆಡ್ ಮುಚ್ಚಿಸ್ತಾರೆ. ಆಚಾರಿಯವರಿಗೆ ಈ ಪ್ರಾಯದಲ್ಲಿ ಬೇರೆ ಕೆಲಸ ಯಾರು ಕೊಡ್ತಾರೆ, ಹೇಳು? ಸೀಮೆಎಣ್ಣೆ ಅಂತ ಹೇಳಿದ್ರೆ ಯಾರಿಗೂ ತೊಂದ್ರೆ ಇಲ್ಲ.”

“ಇಚ್ಚ, ನನಗೆ ಮೂಟೆ ತಪ್ಪಿತಾ?”

ಅವನು ಕಿಟಕಿಯ ಕಡೆ ನೋಡಿದ. “ಆಗ್ತದೆ. ಮನುಷ್ಯನಿಗೆ ತಪ್ಪುತ್ತದೆ. ಈಗ ಅದನ್ನೆಲ್ಲ ಯೋಚನೆ ಮಾಡ್ಬೇಡ.”

ಬಂದ ಪೊಲೀಸಿನವರು ವಯಸ್ಸಾದವರು, ಒಳ್ಳೆಯವರು. ನಾನು ಹೇಳಿದ್ದನ್ನು ಬರೆದು ಓದಿಹೇಳಿದರು: ‘ನನ್ನ ಸ್ವಂತ ಅಜಾಗರೂಕತೆಯಿಂದ ಒಲೆಗೆ ಸೀಮೆಎಣ್ಣೆ ಸುರಿದು...’ ಬಲಗೈಯಲ್ಲಿ ಸಹಿ ಹಾಕುವಂತಿರಲಿಲ್ಲ. “ಎಡಗೈ ಹೆಬ್ಬೆಟ್ಟು ಸಾಕು ಮಗ,” ಎಂದರು. ಏಳನೇ ವಯಸ್ಸಿನಿಂದ ದಿನವೂ ಬರೆಯುತ್ತ ಬಂದ ನಾನು ನನ್ನ ಜೀವನದ ಮುಖ್ಯವಾದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದೆ. ಶಾಯಿಯನ್ನು ಅಣ್ಣನೇ ತನ್ನ ಕರವಸ್ತ್ರದಿಂದ ಒರೆಸಿದ.

ನೋವಿಗಿಂತ ದೊಡ್ಡದು ಆಮೇಲಿನ ಲೆಕ್ಕ. ನಾಲ್ಕು ಕೆಂಪು, ಆರು ನಾರು. ಕಟ್ಟಿದ್ದು ನಾನೇ. ಕಟ್ಟಿದ್ದೆನೇ? ಶನಿವಾರ ಸಂಜೆಯನ್ನು ಮನಸ್ಸಿನಲ್ಲಿ ಎಷ್ಟು ಸಲ ನಡೆಸಿದೆನೋ ಲೆಕ್ಕವಿಲ್ಲ. ಮೊದಲು ಕೈಯ ನೆನಪಿನಲ್ಲಿ ಗಂಟು ಸ್ಪಷ್ಟವಾಗಿತ್ತು. ಹತ್ತನೇ ದಿನಕ್ಕೆ ಮಸುಕಾಯಿತು. ಇಪ್ಪತ್ತನೇ ದಿನಕ್ಕೆ, ಮೂರಕ್ಕೆ ಕಟ್ಟಿ ನಾಲ್ಕನೆಯದನ್ನು ಮರೆತಿರಬೇಕು ಎಂದು ನಂಬಿದೆ. ಆದರೆ ಉಳಿದ ಮೂರು ಕೆಂಪು ಏಕೆ ಕಾಣಲಿಲ್ಲ? ಆ ಪ್ರಶ್ನೆ ಬಂದಾಗಲೆಲ್ಲ ಜ್ವರದ ಮಾತ್ರೆಯೂ ಬರುತ್ತಿತ್ತು. ನೋಡಿಕೊಳ್ಳೋಣವೆಂದರೆ ಲೆಕ್ಕದ ಪುಸ್ತಕ ಒಲೆಯ ಪಕ್ಕದ ಮೊಳೆಯಲ್ಲಿದ್ದು ಸುಟ್ಟುಹೋಗಿತ್ತು. ಗಡಿಬಿಡಿಯವನು ಎಂದು ಅಣ್ಣ ಹೇಳಿದ್ದು ನಿಜವೇ ಇರಬೇಕು ಎಂದುಕೊಂಡೆ.

ಪಕ್ಕದ ಹಾಸಿಗೆಯಲ್ಲಿ ಬೆಳ್ತಂಗಡಿ ಕಡೆಯ ಐತಪ್ಪಣ್ಣ ಇದ್ದರು. ರಬ್ಬರ್ ಶೀಟ್ ಒಣಗಿಸುವ ಹೊಗೆಮನೆಗೆ ಬೆಂಕಿ ಬಿದ್ದು ಎರಡೂ ಕಾಲು ಸುಟ್ಟಿತ್ತು.

“ನಿನ್ನದೂ ಒಲೆಯಾ?” ಎಂದು ಮೊದಲ ದಿನವೇ ಕೇಳಿದರು. ಹೌದೆಂದೆ.

“ಈ ವಾರ್ಡಿನಲ್ಲಿ ಎಲ್ಲರದ್ದೂ ಒಲೆಯೇ. ಆಚೆ ಹೆಂಗಸರ ವಾರ್ಡಿನಲ್ಲಿಯೂ ಒಲೆಯೇ. ಒಲೆಗೆ ಬಾಯಿ ಬಂದ ದಿನ ಎಷ್ಟು ಮನೆಯಲ್ಲಿ ಜಗಳ ಉಂಟೋ!”

ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಟ್ರಾಲಿಯ ಚಕ್ರದ ಸದ್ದು ಕೇಳಿದರೆ ಇಡೀ ವಾರ್ಡ್ ಮೌನವಾಗುತ್ತಿತ್ತು. ಐತಪ್ಪಣ್ಣ ನನಗೊಂದು ಉಪಾಯ ಕಲಿಸಿದರು: ಹಲ್ಲು ಕಚ್ಚಬಾರದು, ಮನಸ್ಸಿನಲ್ಲೇ ಊರಿನ ಬಸ್ಸು ಹತ್ತಬೇಕು. ಅವರು ಕಣ್ಣು ಮುಚ್ಚಿ, “ಗುರುವಾಯನಕೆರೆ... ಮಡಂತ್ಯಾರು... ಪುಂಜಾಲಕಟ್ಟೆ...” ಎನ್ನುತ್ತಾ ಬಂಟ್ವಾಳ ದಾಟಿ ಬಿ.ಸಿ.ರೋಡ್ ತಲುಪುವಷ್ಟರಲ್ಲಿ ಒಂದು ಕಾಲು ಮುಗಿಯುತ್ತಿತ್ತು. ನಾನು ತೋಡಾರಿನಲ್ಲಿ ಹತ್ತಿ ಮಿಜಾರು, ಎಡಪದವು, ಗಂಜಿಮಠ, ಕೈಕಂಬ ಎಂದು ಹೊರಡುತ್ತಿದ್ದೆ. ಗುರುಪುರದ ಸೇತುವೆಯ ಹತ್ತಿರ ಸಿಸ್ಟರ್ ಕುತ್ತಿಗೆಗೆ ಬರುತ್ತಿದ್ದರು. ಅಲ್ಲಿ ಕಿರುಚುತ್ತಿದ್ದೆ.

“ಗುರುಪುರ ಬಂತಾ?” ಎಂದು ಸಿಸ್ಟರೇ ಕೇಳುವಷ್ಟು ಅದು ರೂಢಿಯಾಯಿತು. “ಸ್ವಲ್ಪ ತಡೆ, ಬಸ್ಸಿಗೆ ಸೇತುವೆ ದಾಟ್ಲಿಕ್ಕೆ ಉಂಟಲ್ಲ.” ಇಪ್ಪತ್ತೆರಡು ಡ್ರೆಸ್ಸಿಂಗ್‌ಗಳಲ್ಲಿ ನಾನು ಕಿರುಚದೆ ಸೇತುವೆ ದಾಟಿ ವಾಮಂಜೂರು ತಲುಪಿದ್ದು ಮೂರು ಸಲ. ಆ ಮೂರೂ ಸಲ ಐತಪ್ಪಣ್ಣ, “ಎಕ್ಸ್‌ಪ್ರೆಸ್!” ಎಂದು ಕೂಗಿದರು. ಮೂವತ್ತನೇ ದಿನ ಅವರನ್ನು ಮನೆಗೆ ಕಳುಹಿಸಿದರು. ಆ ದಿನ ವಾರ್ಡ್ ಬಹಳ ದೊಡ್ಡದಾಗಿ ಕಂಡಿತು.

ತೊಡೆಯ ಚರ್ಮ ತೆಗೆದು ಕೈಗೆ ಹಾಕಿದ್ದು ಹದಿನೆಂಟನೇ ದಿನ. ಕೈಗಿಂತ ತೊಡೆಯೇ ಹೆಚ್ಚು ಉರಿಯುತ್ತದೆ ಎಂದು ಯಾರೂ ಮೊದಲೇ ಹೇಳಿರಲಿಲ್ಲ. ಈಗ ನಾನು ಹೇಳುತ್ತಿದ್ದೇನೆ, ಉರಿಯುತ್ತದೆ. ಹತ್ತು ದಿನದಲ್ಲಿ ಕಡಿಮೆಯಾಗುತ್ತದೆ. ಆಮೇಲೆ ತುರಿಕೆ. ಅದು ಹತ್ತು ದಿನದಲ್ಲಿ ಹೋಗುವುದಿಲ್ಲ.

ತಾಯಿ, ನಮ್ಮ ಉಮ್ಮ, ಬಂದಾಗಲೆಲ್ಲ ಹಾಸಿಗೆಯ ಪಕ್ಕ ನಿಂತು ಕುರ್‌ಆನ್ ಓದಿ ನನ್ನ ಮೇಲೆ ಊದುತ್ತಿದ್ದರು. ಕೈಯನ್ನು ನೋಡುತ್ತಿರಲಿಲ್ಲ, ಮುಖವನ್ನು ಮಾತ್ರ. ಅಣ್ಣ ನಲವತ್ತಾರು ದಿನಗಳಲ್ಲಿ ನಲವತ್ತೊಂದು ದಿನ ಬಂದ. ಬಸ್ಸಿನಲ್ಲಿ ನಿಂತುಕೊಂಡು, ಗಂಜಿ ಚೆಲ್ಲದ ಹಾಗೆ ಬುತ್ತಿಯನ್ನು ಎದೆಗೆ ಒತ್ತಿಕೊಂಡು ತರುತ್ತಿದ್ದ. ತುತ್ತು ಮಾಡಿ ಬಾಯಿಗಿಡುತ್ತಿದ್ದ, ಮೀನಿನ ಮುಳ್ಳನ್ನು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಿದ್ದ. ಹೇಲುಚ್ಚೆಯನ್ನೂ ಅವನೇ ತೆಗೆದ. ಬೇರೆಯವರ ಅಣ್ಣಂದಿರು ಹೀಗೆ ಮಾಡುವುದನ್ನು ನಾನು ಆ ವಾರ್ಡಿನಲ್ಲಿ ಕಾಣಲಿಲ್ಲ. ಪ್ರತಿ ಸಲವೂ ನನಗೆ ನಾಚಿಕೆಯಾಗುತ್ತಿತ್ತು. ನನ್ನ ತಪ್ಪಿಗೆ ಇವನಿಗೆ ಎಷ್ಟು ಕಷ್ಟ ಎಂದು ಇಪ್ಪತ್ತೇಳನೇ ದಿನ ಅತ್ತೆ. “ಕ್ಷಮಿಸು ಇಚ್ಚ, ನಾನು ಸರಿಯಾಗಿ ನೋಡಲಿಲ್ಲ,” ಎಂದೆ. ಅವನು ಬುತ್ತಿಯ ಮುಚ್ಚಳ ಹಾಕುತ್ತಿದ್ದ. ಹಾಕಿ ಮುಗಿಸಿ, “ಬಿಡು,” ಎಂದ.

ಆ ದಿನ ಹೇಳಬಹುದಿತ್ತು.

ಮನೆಗೆ ಬಂದಾಗ ಉಮ್ಮ ಒಳಕೋಣೆಯಲ್ಲಿ ಹೊಸ ಸೊಳ್ಳೆಪರದೆ ಕಟ್ಟಿದ್ದರು. ಗಾಯಕ್ಕೆ ನೊಣ ಕೂರಬಾರದೆಂದು ಹಗಲೂ ಅದರೊಳಗೇ ಇರಬೇಕು. ಮೊದಲ ನಾಲ್ಕು ದಿನ ನಿದ್ದೆಯಲ್ಲೇ ಹೋಯಿತು. ಐದನೇ ದಿನ ಬೆಳಿಗ್ಗೆ ಕಣ್ಣು ಮೇಲಕ್ಕೆ ಹೋಯಿತು. ಪರದೆಯ ಒಂದು ಮೂಲೆಯನ್ನು ಕಿಟಕಿಯ ಸರಳಿಗೆ ಕೆಂಪು ಹಗ್ಗದಿಂದ ಕಟ್ಟಿತ್ತು. ಉಳಿದ ಮೂಲೆಗಳನ್ನೂ ನೋಡಿದೆ. ಒಂದು, ಎರಡು, ಮೂರು, ನಾಲ್ಕು. ನಾಲ್ಕೂ ಮೊಳದುದ್ದ. ನಾಲ್ಕರ ತುದಿಯೂ ಕರಗಿಸಿ, ಉಳಿಯ ಹಿಡಿಯಿಂದ ಒತ್ತಿ ಚಪ್ಪಟೆ ಮಾಡಿದ್ದು.

ನಾನು ಕತ್ತರಿಸಿದ್ದೇ ನಾಲ್ಕು. ಅವು ಇರಬೇಕಾದದ್ದು ಶೆಡ್ಡಿನ ಮೂಟೆಗಳ ಬಾಯಿಯಲ್ಲಿ.

“ಉಮ್ಮ, ಈ ಹಗ್ಗ ಎಲ್ಲಿಂದ?”

“ಅದಾ? ಹಂಝನ ಅಂಗಿ ಕಿಸೆಯಲ್ಲಿ ಇತ್ತು. ಒಗೆಯುವಾಗ ಸಿಕ್ಕಿತು, ಬೇಕಾಗ್ತದೆ ಅಂತ ಡಬ್ಬಿಯಲ್ಲಿ ಹಾಕಿಟ್ಟೆ.”

“ಯಾವ ದಿನ?”

“ದಿನ ನನಗೆಂಥ ಗೊತ್ತು ಮೋನೆ?” ಎಂದವರು ಸ್ವಲ್ಪ ಯೋಚಿಸಿ, “ಬುಧವಾರ. ನಿನ್ನ ಪರೀಕ್ಷೆ ಇತ್ತಲ್ಲ, ಆ ಬೆಳಿಗ್ಗೆ. ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಹೋದ, ಹಳೆಯದನ್ನು ನಾನು ಒಗೆದೆ,” ಎಂದರು. ಹೇಳುತ್ತ ಹೇಳುತ್ತ ನನ್ನ ಮುಖ ನೋಡಿದರು. ಅವರಿಗೆ ಶೆಡ್ಡಿನ ನಿಯಮ ಗೊತ್ತಿರಲಿಲ್ಲ. ಏನೋ ಆಗಬಾರದ್ದು ಆಗಿದೆ ಎಂದು ಮಾತ್ರ ತಿಳಿಯಿತು. ನಾನು ಎಲ್ಲವನ್ನೂ ಹೇಳಿದೆ. ಹಾಸಿಗೆಯ ಅಂಚಿನಲ್ಲಿ ಕುಳಿತು ಬಹಳ ಹೊತ್ತು ಸೆರಗಿನ ತುದಿ ಮಡಚಿದರು.

“ಅವನು ನಿನ್ನ ಕೈಗೆ ಬೆಂಕಿ ಇಟ್ಟದ್ದಲ್ಲವಲ್ಲ,” ಎಂದರು ಕೊನೆಗೆ. “ಬಿಡು ಮೋನೆ. ಇರುವುದು ಇಬ್ಬರೇ ನೀವು. ನಿನ್ನ ಬಾಯಿಗೆ ಅನ್ನ ಇಟ್ಟವನು ಅವನು.”

ನನ್ನನ್ನು ಅಣ್ಣನ ಮೇಲಿನ ಸಿಟ್ಟಿಗಿಂತ ಆ ‘ಬಿಡು’ ಹೆಚ್ಚು ಸುಟ್ಟಿತು. ಒಂದೇ ಶಬ್ದ, ಇಬ್ಬರ ಬಾಯಲ್ಲೂ.

ಸಂಜೆ ಅಣ್ಣ ಬಂದ. ಎಡಗೈಯಿಂದ ಪರದೆಯ ಮೂಲೆ ತೋರಿಸಿದೆ. ಅವನು ನೋಡಿದ. ಆಮೇಲೆ ಉಳಿದ ಮೂರು ಮೂಲೆಗಳನ್ನೂ ನೋಡಿದ.

“ಹಾಸ್ಟೆಲಿನವರು ಕೆಂಪು ಹಗ್ಗ ಯಾಕೆ ಅಂತ ಕೇಳಿದ್ರೆ ಎಂಥ ಹೇಳುದು?” ಎಂದ. “ಮಳೆಯಲ್ಲಿ ಹೊರಗೆ ಹಾಕ್ಲಿಕ್ಕೂ ಆಗುದಿಲ್ಲ. ಬುಧವಾರ ಬೆಳಿಗ್ಗೆ ನೀನು ಹೋದ ಮೇಲೆ ಬಿಚ್ಚಿ ಬೇರೆ ಕಟ್ಟಿದೆ. ಸಂಜೆ ಹೇಳ್ಬೇಕು ಅಂತ ಇತ್ತು. ನೀನು ಮಲಗಿದ್ದಿ. ಬೆಳಿಗ್ಗೆ ಲಾರಿ ಬಂತು. ನಿನಗೆ ಹೇಳ್ಲಿಕ್ಕೆ ನನಗೆ ಸಮಯವೇ ಸಿಗಲಿಲ್ಲ.”

“ಆಮೇಲೆ ನಲವತ್ತೊಂದು ದಿನ ಸಿಕ್ಕಿತ್ತಲ್ಲ?”

ಅವನು ಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿದ.

“ಇಚ್ಚ, ನಾನು ನಿನ್ನ ಹತ್ತಿರ ಕ್ಷಮೆ ಕೇಳಿದೆ. ನೀನು ಕೇಳಿಸಿಕೊಂಡಿ.”

“ನಿನಗೆ ಗುಣ ಆಗ್ಲಿ ಅಂತ ಇದ್ದೆ,” ಎಂದ. ಎದ್ದು ಹೋದ. ಮಂಚಗಳ ಆರ್ಡರ್ ಆ ವೇಳೆಗೆ ಸಿಕ್ಕಿಯಾಗಿತ್ತು. ಬಿಡುವಿಲ್ಲದ ಕೆಲಸ.

ಥೆರಪಿಗೆ ವಾರಕ್ಕೆರಡು ಸಲ ಮಂಗಳೂರಿಗೆ ಹೋಗಬೇಕಿತ್ತು. ಈಗ ಒಬ್ಬನೇ ಹೋಗುತ್ತಿದ್ದೆ. ಬೆರಳುಗಳು ಮುಷ್ಟಿಯಾಗಿ ಗಟ್ಟಿಯಾಗದಂತೆ ಪೆನ್ನು ಹಿಡಿದು ಬರೆಯಬೇಕೆಂದು ಥೆರಪಿ ಮೇಡಂ ಹೇಳಿದರು. “ದಿನಕ್ಕೆ ಒಂದೇ ಸಾಲು ಸಾಕು. ಎಂಥ ಬೇಕಾದ್ರೂ ಬರಿ. ಆದ್ರೆ ಅಕ್ಷರ ನೆಟ್ಟಗೆ ಬರ್ಬೇಕು.” ಏನು ಬರೆಯಬೇಕೆಂದು ನಾನು ಯೋಚಿಸಬೇಕಾಗಲಿಲ್ಲ. ಪೊಲೀಸಿನವರು ಬರೆದುಕೊಂಡ ಹೇಳಿಕೆಯನ್ನೇ, ಈ ಸಲ ನಿಜವಾಗಿ, ದಿನಕ್ಕೊಂದು ಸಾಲಿನಂತೆ ಬರೆದೆ. ಮೊದಲ ಸಾಲು ಇರುವೆ ಹರಿದ ಹಾಗಿತ್ತು. ನಾಲ್ಕನೆಯ ಸಾಲು ಹೀಗಿತ್ತು: ‘ಬುಧವಾರ ಬೆಳಿಗ್ಗೆ ನನ್ನ ಅಣ್ಣ ಹಂಝ ನಾಲ್ಕು ಮೂಟೆಗಳ ಕೆಂಪು ಹಗ್ಗ ಬಿಚ್ಚಿ ನಾರಿನ ಹಗ್ಗ ಕಟ್ಟಿದ, ನನಗೆ ಹೇಳಲಿಲ್ಲ.’ ಒಂಬತ್ತನೆಯ ದಿನ ಮುಗಿಯಿತು. ಕೆಳಗೆ ನನ್ನ ಸಹಿ ಹಾಕಿದೆ. ಪಕ್ಕದಲ್ಲಿ ಇನ್ನೊಂದು ಸಹಿಗೆ ಜಾಗ ಬಿಟ್ಟೆ.

ಅಣ್ಣ ಊಟ ಮುಗಿಸಿದ ಮೇಲೆ ಹಾಳೆಯನ್ನು ಮೇಜಿನ ಮೇಲಿಟ್ಟೆ. ನಿಧಾನವಾಗಿ ಓದಿದ.

“ಸ್ಟೇಷನ್ನಿಗಾ ಇದು?”

“ಅಲ್ಲ. ಶೆಡ್ ಮುಚ್ಚಿ ಆಚಾರಿಯವರು ಮನೆಯಲ್ಲಿ ಕೂರುದು ನನಗೂ ಬೇಡ. ನನ್ನ ತಪ್ಪಲ್ಲ ಅಂತ ನಿನ್ನ ಕೈಯಲ್ಲಿ ಬರೆದದ್ದು ನನಗೊಂದು ಬೇಕು. ಅಷ್ಟೇ.”

“ನಿನಗೆ ನನ್ನ ಮಾತು ಸಾಕಾಗುದಿಲ್ವಾ?”

“ಇಲ್ಲ,” ಎಂದೆ.

ಹಾಳೆಯನ್ನು ನಾಲ್ಕಾಗಿ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು ಎದ್ದ. ಎರಡು ದಿನ ಅದರ ಸುದ್ದಿಯಿಲ್ಲ. ಅವನು ಹಾಳೆಯನ್ನು ಹರಿದಿರಬೇಕು ಎಂದುಕೊಂಡೆ.

ಮೂರನೇ ದಿನ ಬೆಳಿಗ್ಗೆ ಉಮ್ಮ ಒದ್ದೆಯಾಗದ ಕೈಯಲ್ಲಿ ಆ ಹಾಳೆ ಹಿಡಿದುಕೊಂಡು ಒಳಗೆ ಬಂದರು. ಈಗ ಅವರು ಬಟ್ಟೆ ನೀರಿಗೆ ಹಾಕುವ ಮೊದಲೇ ಕಿಸೆಗಳನ್ನು ನೋಡುತ್ತಿದ್ದರು. ಅವರಿಗೆ ಕನ್ನಡ ಓದಲು ಬಾರದು. “ಇದು ನಿನ್ನ ಅಕ್ಷರ ಅಲ್ವಾ? ತಕೋ,” ಎಂದರು. ಬಿಡು ಎನ್ನಲಿಲ್ಲ.

ಬಿಚ್ಚಿ ನೋಡಿದೆ. ಸಹಿಯ ಜಾಗ ಖಾಲಿಯಿತ್ತು. ಆದರೆ ನಾಲ್ಕನೆಯ ಸಾಲಿನಲ್ಲಿ ‘ಬುಧವಾರ ಬೆಳಿಗ್ಗೆ’ ಎಂಬುದಕ್ಕೆ ಅಡ್ಡಗೆರೆ ಎಳೆದಿತ್ತು. ಹಲಗೆಗೆ ಗುರುತು ಹಾಕುವ ದಪ್ಪ ಪೆನ್ಸಿಲಿನ ಗೆರೆ. ಅದರ ಮೇಲೆ ಅಣ್ಣನ ಅಕ್ಷರದಲ್ಲಿ, ‘ಮಂಗಳವಾರ ಸಂಜೆ’.

“ಎಂಥ ಬರ್ದಿದ್ದಾನೆ?” ಎಂದು ಉಮ್ಮ ಕೇಳಿದರು.

“ದಿನ ತಿದ್ದಿದ್ದಾನೆ,” ಎಂದೆ.

ಮಂಗಳವಾರ ಸಂಜೆ ಬಿಚ್ಚಿ ಮನೆಗೆ ಬಂದಿದ್ದ. ನಾಲ್ಕು ಹಗ್ಗಗಳನ್ನು ಕಿಸೆಯಲ್ಲಿಟ್ಟುಕೊಂಡು ನನ್ನ ಎದುರು ಊಟಕ್ಕೆ ಕೂತಿದ್ದ. ಮೂಟೆ ಹಾಗೇ ಇರಲಿ ಅಲ್ಲವೇ ಎಂದು ನಾನು ಕೇಳಿದ್ದೆ. ಇರ್ಲಿ, ಇರ್ಲಿ, ಎಂದಿದ್ದ. ಬುಧವಾರ ಬೆಳಿಗ್ಗೆ ಚಹಾಕ್ಕೂ ಒಟ್ಟಿಗೇ ಕೂತಿದ್ದೆವು.

ನಾನು ಹೊಸ ಲೆಕ್ಕದ ಪುಸ್ತಕ ತೆಗೆದು, ನನಗೆ ಹೇಳಲು ಅಣ್ಣನಿಗೆ ಸಮಯವಿದ್ದ ದಿನಗಳೆಂದು ಬರೆದಿಟ್ಟಿದ್ದ ನಲವತ್ತೊಂದನ್ನು ಹೊಡೆದು ನಲವತ್ತಮೂರು ಎಂದು ಬರೆದೆ. ಅಕ್ಷರ ನೆಟ್ಟಗೆ ಬಂತು.